ಸೆವರ್ನ್ ದಂಡೆಯ ಸಿಪಾಯಿ

1916ರ ಆಗಸ್ಟ್. ಉತ್ತರ ಫ್ರಾನ್ಸಿನ ಲಾವೆಂಟಿ ಎಂಬ ಊರಿನಾಚೆಗೆ ಬಯಲನ್ನು ಸೀಳಿಕೊಂಡು ಕಂದಕಗಳು ಸಾಲುಗಟ್ಟಿವೆ. ಇಲ್ಲಿನ ನೆಲ ತಗ್ಗು, ಸ್ವಲ್ಪ ಅಗೆದರೆ ನೀರು ಜಿನುಗುತ್ತದೆ. ಹಾಗಾಗಿ ಕಂದಕ ಅರ್ಧ ಅಗೆತ, ಇನ್ನರ್ಧ ಮಣ್ಣುಮೂಟೆಗಳ ಗೋಡೆ. ಆ ಗೋಡೆಗೆ ಹೊಂದಿಕೊಂಡಂತೆ ಪಾಳುಬಿದ್ದ ಒಂದು ಗುಂಡಿ. ಮೊದಲು ಅಲ್ಲಿ ಮಾರ್ಟರ್ ಇಟ್ಟು ಜರ್ಮನ್ನರ ಕಡೆಗೆ ಸಿಡಿಗುಂಡು ಹಾರಿಸುತ್ತಿದ್ದರು, ಈಗ ಬಿಟ್ಟುಹೋಗಿದ್ದಾರೆ. ಅದರೊಳಗೆ ಕನ್ನಡಕ ಹಾಕಿದ ಸಿಪಾಯಿಯೊಬ್ಬ ಕುಳಿತು ಕಾಗದದ ಮೇಲೆ ಸ್ವರಲಿಪಿ ಗೀಚುತ್ತಿದ್ದಾನೆ. ಪಿಯಾನೊ ಇಲ್ಲ. ಸ್ವರ ಹಾಕುತ್ತಿರುವ ಪದ್ಯದ ಪುಸ್ತಕವೂ ಹತ್ತಿರವಿಲ್ಲ, ಸಾಲುಗಳನ್ನು ನೆನಪಿನಿಂದಲೇ ಹೆಕ್ಕಿಕೊಳ್ಳಬೇಕು. ಕೆಲವು ಪದ ತಪ್ಪಿಯೂ ಹೋಗಿವೆ.

ಆ ಪದ್ಯ ಬಂದದ್ದು ನಾಟಕದಿಂದ. ಜಾನ್ ಮೇಸ್‌ಫೀಲ್ಡ್ ಬರೆದ, ರೋಮಿನ ಸೇನಾನಿ ಪಾಂಪೆಯ ದುರಂತದ ನಾಟಕ. ಅದರಲ್ಲಿ ಯುದ್ಧದಲ್ಲಿ ಸತ್ತವನೊಬ್ಬನ ಹೆಣದ ಬಳಿ ಆಡುವ ಮಾತುಗಳು. ಲಂಡನ್ನಿನ ರಂಗಮಂದಿರದಲ್ಲಿ ಕುಳಿತವರಿಗೆ ಅದು ಪ್ರಾಚೀನ ರೋಮಿನ ಕಥೆ. ಈ ಗುಂಡಿಯಲ್ಲಿ ಕುಳಿತವನಿಗೆ ಹೆಣ ಎಷ್ಟು ದೂರದಲ್ಲಿದ್ದೀತು ಎಂದು ಹೇಳಬೇಕಾಗಿಲ್ಲ. ‘ಬೈ ಎ ಬಿಯರ್‌ಸೈಡ್’ ಎಂಬ ಹಾಡು ಹುಟ್ಟಿದ್ದು ಹೀಗೆ. ಮುಂದೆ ಗೆಳೆಯ ಹರ್ಬರ್ಟ್ ಹಾವೆಲ್ಸ್ ಅದನ್ನು ವಾದ್ಯವೃಂದಕ್ಕೆ ಅಳವಡಿಸಿದ. 1917ರಲ್ಲಿ ಅದು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನಲ್ಲಿ ಮೊಳಗಿದಾಗ, ಬರೆದವನು ಇನ್ನೂ ಫ್ರಾನ್ಸಿನ ಕೆಸರಿನಲ್ಲೇ ಇದ್ದ.

ಅವನ ಹೆಸರು ಐವರ್ ಗರ್ನಿ.

ಕವಿಯೂ ಕಲಿಯೂ ಆದವನು ಎಂದ ಕೂಡಲೇ ನಮಗೆ ನೆನಪಾಗುವುದು ಪಂಪ. ಗರ್ನಿ ಆ ಸಾಲಿನವನಲ್ಲ. ಅವನಿಗೆ ಅರಿಕೇಸರಿಯಂಥ ಒಡೆಯನಿರಲಿಲ್ಲ, ಹೊಗಳಬೇಕಾದ ವೀರನೂ ಇರಲಿಲ್ಲ. ಅವನು ಬರಿಯ ಸಿಪಾಯಿ, ಕೊನೆಯವರೆಗೂ ಅಧಿಕಾರಿ ದರ್ಜೆಗೆ ಏರದವನು. ಮೊದಲ ಮಹಾಯುದ್ಧದ ಪ್ರಸಿದ್ಧ ಇಂಗ್ಲಿಷ್ ಕವಿಗಳಲ್ಲಿ ಹೆಚ್ಚಿನವರು ಅಧಿಕಾರಿಗಳು. ಗರ್ನಿ ಬರೆದದ್ದು ತೋಡಿನ ತಳದಿಂದ, ಮೂಟೆ ಹೊರುವವನ ಎತ್ತರದಿಂದ.

ಹುಟ್ಟಿದ್ದು 1890ರ ಆಗಸ್ಟ್ 28ರಂದು, ಇಂಗ್ಲೆಂಡಿನ ಪಶ್ಚಿಮಕ್ಕಿರುವ ಗ್ಲಾಸ್ಟರಿನಲ್ಲಿ. ಅಪ್ಪ ದರ್ಜಿ, ಅಮ್ಮನೂ ಹೊಲಿಗೆಯವಳು. ಊರ ನಡುವೆ ನಾರ್ಮನ್ನರ ಕಾಲದ ಕೆಥೆಡ್ರಲ್, ಒಳಗೆ ಮರದ ಬುಡದಂತೆ ದಪ್ಪನೆಯ ದುಂಡು ಕಂಬಗಳು. ಬಾಲಕ ಗರ್ನಿ ಅಲ್ಲಿನ ಗಾಯಕವೃಂದಕ್ಕೆ ಸೇರಿದ, ದೊಡ್ಡವನಾದ ಮೇಲೆ ಅಲ್ಲಿಯ ಆರ್ಗನ್ ವಾದಕ ಹರ್ಬರ್ಟ್ ಬ್ರೂವರ್ ಬಳಿ ಶಿಷ್ಯನಾದ. ಊರಿನಿಂದ ಹೊರಗೆ ಕಾಲಿಟ್ಟರೆ ಒಂದು ಕಡೆ ಸೆವರ್ನ್ ನದಿಯ ಹುಲ್ಲುಗಾವಲು, ಇನ್ನೊಂದು ಕಡೆ ಕಾಟ್ಸ್‌ವೋಲ್ಡ್ ಗುಡ್ಡಸಾಲು. ಕ್ರಿಕ್ಲಿ, ಕ್ರಾನಮ್, ಮಿನ್‌ಸ್ಟರ್‌ವರ್ತ್, ಫ್ರಾಮಿಲೋಡ್: ಈ ಊರುಗಳ ಹೆಸರು ಅವನ ಕವಿತೆಗಳಲ್ಲಿ ದೇವರ ನಾಮದಂತೆ ಮತ್ತೆ ಮತ್ತೆ ಬರುತ್ತವೆ. ಫ್ರಾಮಿಲೋಡಿನಲ್ಲಿ ಅವನೂ ಗೆಳೆಯ ವಿಲ್ ಹಾರ್ವಿಯೂ ‘ಡೊರೊಥಿ’ ಎಂಬ ಪುಟ್ಟ ದೋಣಿ ಇಟ್ಟುಕೊಂಡು ನದಿಯ ಮೇಲೆ ತಿರುಗುತ್ತಿದ್ದರು.

1910ರ ಸೆಪ್ಟೆಂಬರ್ 6ರ ಸಂಜೆ ಅದೇ ಕೆಥೆಡ್ರಲ್‌ನಲ್ಲಿ ಸಂಗೀತಕಾರ ವಾನ್ ವಿಲಿಯಮ್ಸ್ ತಮ್ಮ ಹೊಸ ಕೃತಿಯನ್ನು ನುಡಿಸಿಸಿದರು. ಹದಿನಾರನೇ ಶತಮಾನದ ಥಾಮಸ್ ಟ್ಯಾಲಿಸ್‌ನ ಒಂದು ಧಾಟಿಯ ಮೇಲೆ ಕಟ್ಟಿದ, ತಂತಿವಾದ್ಯಗಳಷ್ಟೇ ಇರುವ ರಚನೆ. ಕೇಳಿ ಹೊರಬಂದ ಇಬ್ಬರು ಹುಡುಗರು, ಗರ್ನಿ ಮತ್ತು ಹಾವೆಲ್ಸ್, ಮನೆಗೆ ಹೋಗಲಾರದೆ ರಾತ್ರಿಯೆಲ್ಲ ಗ್ಲಾಸ್ಟರಿನ ಬೀದಿಗಳಲ್ಲಿ ಅಡ್ಡಾಡಿದರು. ಮರುವರ್ಷ ವಿದ್ಯಾರ್ಥಿವೇತನ ಪಡೆದು ಗರ್ನಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ಗೆ ಹೋದ. ಕೆದರಿದ ಕೂದಲು, ದುಂಡು ಕನ್ನಡಕ, ಹಾಡಿನ ಹುಚ್ಚು ಎಲ್ಲ ಸೇರಿ ಸಹಪಾಠಿಗಳು ‘ಶೂಬರ್ಟ್’ ಎಂದು ಅಡ್ಡಹೆಸರಿಟ್ಟರು. ಗುರು ಸ್ಟ್ಯಾನ್‌ಫರ್ಡ್ ಮಹಾ ಸಿಡುಕ. ತಮ್ಮ ಶಿಷ್ಯರಲ್ಲೆಲ್ಲ ದೊಡ್ಡ ಪ್ರತಿಭೆ ಇವನೇ, ಆದರೆ ಕಲಿಸಲು ಎಲ್ಲರಿಗಿಂತ ಕಷ್ಟದವನೂ ಇವನೇ ಎಂಬುದು ಅವರ ಅಭಿಪ್ರಾಯ.

ಗರ್ನಿಯ ಸಂಗೀತ ಪ್ರಕಾರ ಯಾವುದೆಂದು ಇಲ್ಲಿ ಹೇಳಿಬಿಡಬೇಕು. ಕವಿಯೊಬ್ಬರ ಕವಿತೆಯನ್ನು ತೆಗೆದುಕೊಂಡು, ಅದರ ಭಾವಕ್ಕೆ ತಕ್ಕ ಸ್ವರ ಕೂಡಿಸಿ, ಪಿಯಾನೊ ಜೊತೆಗೆ ಒಬ್ಬರೇ ಹಾಡುವುದು. ಕುವೆಂಪು, ಬೇಂದ್ರೆಯವರ ಪದ್ಯಗಳನ್ನು ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಹಾಡಾಗಿಸಿದರಲ್ಲ, ಸುಮಾರಾಗಿ ಆ ಬಗೆಯದು. ಯುದ್ಧಕ್ಕೆ ಮುಂಚೆಯೇ ಗರ್ನಿ ಶೇಕ್ಸ್‌ಪಿಯರ್ ಕಾಲದ ಐದು ಪದ್ಯಗಳಿಗೆ ಸ್ವರ ಹಾಕಿದ್ದ. ಅವುಗಳಲ್ಲಿ ಹೆಚ್ಚಿನವು ಆ ಕಾಲದ ನಾಟಕಗಳ ಒಳಗಿನ ಹಾಡುಗಳೇ. ಫ್ಲೆಚರ್‌ನ ನಾಟಕವೊಂದರಿಂದ ಬಂದ ‘ಸ್ಲೀಪ್’ ಇವತ್ತಿಗೂ ಇಂಗ್ಲಿಷ್ ಗಾಯಕರ ನಾಲಿಗೆಯ ಮೇಲಿದೆ. ಹಾಗಾಗಿ ಸಿಪಾಯಿಯೊಬ್ಬ ಯುದ್ಧ ಮುಗಿಸಿ ಬಂದು ಕಲಾವಿದನಾದ ಎಂಬ ಸಿದ್ಧಕಥೆ ಇಲ್ಲಿ ಹೊಂದುವುದಿಲ್ಲ. ಸಂಗೀತಗಾರನಾಗಿಯೇ ಯುದ್ಧಕ್ಕೆ ಹೋದವನು ಅವನು. ಯುದ್ಧದೊಳಗೆ ಅವನಿಗೆ ಸಿಕ್ಕಿದ್ದು ಎರಡನೆಯ ಕಲೆ, ಕವಿತೆ.

1914ರಲ್ಲಿ ಸೇನೆಗೆ ಸೇರಲು ಹೋದಾಗ ಕಣ್ಣು ಸರಿಯಿಲ್ಲವೆಂದು ವಾಪಸು ಕಳಿಸಿದ್ದರು. ಮುಂದಿನ ಫೆಬ್ರವರಿಯ ಹೊತ್ತಿಗೆ ಸೇನೆಗೆ ಜನ ಬೇಕಾಗಿತ್ತು, ಕಣ್ಣಿನ ಮಾತು ಯಾರೂ ಎತ್ತಲಿಲ್ಲ. ಗ್ಲಾಸ್ಟರ್‌ಶೈರ್ ರೆಜಿಮೆಂಟಿನ ಐದನೇ ಬೆಟಾಲಿಯನ್ನಿನ ಎರಡನೇ ತುಕಡಿಗೆ ಸೇರಿಕೊಂಡ. ದೇಶಪ್ರೇಮ ಇತ್ತು, ಸುಳ್ಳಲ್ಲ. ಅದರ ಜೊತೆಗೆ ಇನ್ನೊಂದು ಆಸೆಯೂ ಇತ್ತು. ಎರಡು ವರ್ಷ ಮೊದಲು, 1913ರಲ್ಲಿ, ಲಂಡನ್ನಿನಲ್ಲಿ ಅವನ ಮನಸ್ಸು ಒಮ್ಮೆ ಕುಸಿದಿತ್ತು. ಫ್ರಾಮಿಲೋಡಿಗೆ ಬಂದು, ನದಿಯ ಗಾಳಿ ಕುಡಿದು ಚೇತರಿಸಿಕೊಂಡಿದ್ದ. ಸೇನೆಯ ಕವಾಯತು, ಹೊತ್ತುಹೊತ್ತಿನ ಊಟ, ಮೈಮುರಿಯುವ ದುಡಿಮೆ ಈ ನರಗಳನ್ನು ಹದಕ್ಕೆ ತಂದಾವು ಎಂಬ ನಂಬಿಕೆ ಅವನದು. ಈ ಸಂಗತಿಯನ್ನು ಓದುಗರು ಮರೆಯಬಾರದು. ಯುದ್ಧದಿಂದ ಹುಚ್ಚು ಹಿಡಿಯಿತು ಎಂದು ಒಂದೇ ವಾಕ್ಯದಲ್ಲಿ ಅವನ ಕಥೆ ಮುಗಿಸುವವರು ಈ 1913ನ್ನು ಹಾರಿಸಿಬಿಡುತ್ತಾರೆ.

1916ರ ಮೇ ಕೊನೆಗೆ ಅವನ ತುಕಡಿ ಫ್ರಾನ್ಸ್ ತಲುಪಿತು. ಮುಂಚೂಣಿಯ ಮೊದಲ ರಾತ್ರಿ ಹೇಗಿತ್ತೆಂದು ಅವನು ಪತ್ರದಲ್ಲೂ ಮುಂದೆ ಕವಿತೆಗಳಲ್ಲೂ ಹೇಳಿದ್ದಾನೆ. ಭಯದಿಂದ ಗಂಟಲು ಒಣಗಿದ ಹೊಸಬರನ್ನು ಅಲ್ಲಿ ಮೊದಲೇ ಇದ್ದ ವೇಲ್ಸ್ ನಾಡಿನ ತುಕಡಿಯೊಂದರ ಜೊತೆಗೆ ಬಿಟ್ಟರು. ಗರ್ನಿ ತಲೆ ಬಗ್ಗಿಸಿ ನುಸುಳಿದ್ದು ಸಿಗ್ನಲ್‌ಗಾರರ ಬಿಲದೊಳಕ್ಕೆ. ಮಂದ ಬೆಳಕು. ಒಳಗೆ ನಾಲ್ವರು ವೆಲ್ಷ್ ಹುಡುಗರು. ಮೂಲೆಗೆ ಸರಿದು ಜಾಗ ಮಾಡಿಕೊಟ್ಟರು, ಇದ್ದದ್ದನ್ನು ಹಂಚಿದರು, ಸಾಹಿತ್ಯ ಸಂಗೀತ ಎಂದು ರಾತ್ರಿಯೆಲ್ಲ ಮಾತಾಡಿದರು, ಮಾತು ಮುಗಿದಾಗ ತಮ್ಮ ನಾಡಿನ ಹಾಡುಗಳನ್ನು ಹಾಡಿದರು. ಕೆಥೆಡ್ರಲ್‌ನಲ್ಲಿ ಬೆಳೆದ ಕಿವಿಗೆ ಕಂದಕದಲ್ಲಿ ಕೇಳಿದ ಆ ಜನಪದ ಧಾಟಿ ಜೀವಮಾನವಿಡೀ ಮರೆತುಹೋಗಲಿಲ್ಲ. ಮತ್ತೊಂದು ದಿನ ಗುಂಡಿನ ಸದ್ದಿನ ನಡುವೆಯೇ ಕೋಗಿಲೆಯೊಂದು ಕೂಗಿತು. ಫ್ರಾಮಿಲೋಡ್, ಮಿನ್‌ಸ್ಟರ್‌ವರ್ತ್, ಕ್ರಾನಮ್ ಎಲ್ಲ ಒಟ್ಟಿಗೇ ನುಗ್ಗಿ ಬಂದವೆಂದು ಊರಿಗೆ ಬರೆದ.

ಕಂದಕದಲ್ಲಿ ಹಾಡು ಕಟ್ಟುವುದು ಕಷ್ಟ. ಐದು ಗೆರೆಯ ಕಾಗದ ಬೇಕು, ಪಿಯಾನೊ ಬೇಕು, ಎಡೆಬಿಡದ ಕೆಲವು ಗಂಟೆ ಬೇಕು. ಕವಿತೆಗೆ ಇವು ಯಾವುದೂ ಬೇಡ. ಬೆನ್ನ ಮೇಲೆ ಹೊರೆ ಹೊತ್ತು ನಡೆಯುವಾಗ ನಾಲ್ಕು ಸಾಲು ತಲೆಯಲ್ಲಿ ತಿರುವಿಕೊಳ್ಳಬಹುದು, ರಾತ್ರಿ ಕಾವಲಿನಲ್ಲಿ ತಿದ್ದಬಹುದು, ಬಿಡುವಿನಲ್ಲಿ ಪತ್ರದ ತುದಿಗೆ ಬರೆದು ಕಳಿಸಬಹುದು. ಪತ್ರಗಳು ಹೋಗುತ್ತಿದ್ದದ್ದು ಲಂಡನ್ನಿನ ಮೇರಿಯನ್ ಸ್ಕಾಟ್‌ಗೆ. ಆಕೆ ಪಿಟೀಲು ವಾದಕಿ, ವಿಮರ್ಶಕಿ, ಕಾಲೇಜಿನ ದಿನಗಳಿಂದ ಅವನನ್ನು ಬಲ್ಲವಳು. ಬಂದ ಪದ್ಯಗಳನ್ನು ಪ್ರತಿ ಮಾಡಿ, ಅನುಮಾನಗಳನ್ನು ಕೇಳಿ ಬರೆದು, ಪ್ರಕಾಶಕರ ಜೊತೆ ಮಾತಾಡಿ, ಒಂದೊಂದು ಚೂರನ್ನೂ ಜೋಪಾನ ಮಾಡಿದಳು. ಗರ್ನಿ ಇವತ್ತು ನಮಗೆ ಉಳಿದಿದ್ದರೆ ಅರ್ಧ ಋಣ ಆಕೆಯದು. ಸಾಹಿತ್ಯ ಚರಿತ್ರೆ ಇಂಥವರಿಗೆ ಅಡಿಟಿಪ್ಪಣಿಯಲ್ಲಷ್ಟೇ ಜಾಗ ಕೊಡುವುದು ನನಗಂತೂ ಸರಿಕಾಣುವುದಿಲ್ಲ.

ಆ ಕವಿತೆಗಳಲ್ಲಿ ಯುದ್ಧ ಹೇಗೆ ಕಾಣುತ್ತದೆ? ಅದೇ ಯುದ್ಧದ ಕವಿ ರೂಪರ್ಟ್ ಬ್ರೂಕ್‌ನ ಸಾನೆಟ್ಟುಗಳಲ್ಲಿ ಸಾವು ಪವಿತ್ರ, ಬಲಿದಾನ ಸುಂದರ. ಗರ್ನಿಗೆ ಅದು ಒಗ್ಗಲಿಲ್ಲ. ಅವಕ್ಕೆ ಎದುರುತ್ತರವಾಗಿಯೇ ಐದು ಸಾನೆಟ್ ಬರೆದ. ಅವನ ಯುದ್ಧದಲ್ಲಿ ಚಹಾ ಇದೆ, ಡಬ್ಬಿಯ ಮಾಂಸ ಇದೆ, ಸಂಬಳದ ದಿನ ಹಳ್ಳಿಯ ಕಾಫಿ ಅಂಗಡಿಗೆ ಓಡುವ ಖುಷಿ ಇದೆ, ಸಿಡಿಮದ್ದಿನ ಸದ್ದನ್ನು ಮುಳುಗಿಸಲು ಗಂಟಲು ಹರಿಯುವ ಹಾಗೆ ಹಾಡುವ ಹುಡುಗರಿದ್ದಾರೆ. ‘ದಿ ಸೈಲೆಂಟ್ ಒನ್’ ಎಂಬ ಕವಿತೆಯನ್ನೇ ನೋಡಿ. ಮುಳ್ಳುತಂತಿಯ ಮೇಲೆ ಒಬ್ಬ ಸತ್ತು ನೇತಾಡುತ್ತಿದ್ದಾನೆ. ನಿನ್ನೆಯವರೆಗೂ ಹಳ್ಳಿಯ ಮಾತಿನಲ್ಲಿ ಹರಟುತ್ತಿದ್ದವನು. ಕೆಳಗೆ ಕೆಸರಿನಲ್ಲಿ ಮಲಗಿರುವ ಸಿಪಾಯಿಯ ಬಳಿ ಅಧಿಕಾರಿ ಬಂದು, ಅಲ್ಲೊಂದು ಸಂದಿಯಿದೆ, ತೆವಳಿ ನೋಡುತ್ತೀಯಾ ಎಂದು ನಯವಾದ, ಓದಿದವರ ಉಚ್ಚಾರದಲ್ಲಿ ಕೇಳುತ್ತಾನೆ. ಸಿಪಾಯಿ ಅಷ್ಟೇ ವಿನಯದಿಂದ ಆಗಲಿಕ್ಕಿಲ್ಲ ಸರ್ ಎನ್ನುತ್ತಾನೆ. ಯುದ್ಧಭೂಮಿಯಲ್ಲಿ, ಗುಂಡುಗಳ ಕೆಳಗೆ, ಇಬ್ಬರ ಸೌಜನ್ಯ. ಈ ವಿನೋದ, ಈ ಸಣ್ಣ ಮಾತುಕತೆ ನಾಟಕಕಾರನ ಕಣ್ಣಿಗೆ ಮಾತ್ರ ಬೀಳುವಂಥದು. ಇನ್ನೊಬ್ಬ ಯುದ್ಧಕವಿ ವಿಲ್‌ಫ್ರೆಡ್ ಒವೆನ್ ನನ್ನನ್ನು ನಡುಗಿಸುತ್ತಾನೆ, ಆದರೆ ಆ ಕಂದಕದಲ್ಲಿ ನನ್ನಂಥವನು ಇದ್ದಿದ್ದರೆ ಏನು ಮಾಡುತ್ತಿದ್ದ ಎಂಬುದು ಗೊತ್ತಾಗುವುದು ಗರ್ನಿಯಿಂದ.

1916ರ ಅದೇ ಆಗಸ್ಟ್‌ನಲ್ಲಿ ಗೆಳೆಯ ಹಾರ್ವಿ ಕಾಣೆಯಾದ. ಶತ್ರು ಕಂದಕದತ್ತ ಒಬ್ಬನೇ ತೆವಳಿ ಹೋದವನು ಮರಳಲಿಲ್ಲ. ಸತ್ತನೆಂದೇ ಗರ್ನಿ ನಂಬಿದ. ವಾರಗಳ ಮೇಲೆ ಸುದ್ದಿ ಬಂತು: ಜರ್ಮನ್ನರ ಸೆರೆಯಲ್ಲಿ ಜೀವಂತವಾಗಿದ್ದಾನೆ. 1917ರ ಜನವರಿಯಲ್ಲಿ ಸೋಮ್ ನದಿಯ ಸೀಮೆಯ ತಿಯೆಪ್‌ವಾಲ್‌ನಲ್ಲಿ, ಮಂಜು ಹೆಪ್ಪುಗಟ್ಟಿದ ದಿನಗಳಲ್ಲಿ, ಗರ್ನಿ ಹಾರ್ವಿಯ ಒಂದು ಕವಿತೆಗೆ ಸ್ವರ ಹಾಕಿದ. ಅದು ‘ಇನ್ ಫ್ಲ್ಯಾಂಡರ್ಸ್’, ಗ್ಲಾಸ್ಟರಿನ ಗುಡ್ಡಗಳಿಗೆ ಹಂಬಲಿಸುವ ಪದ್ಯ. ಬರೆದವನು ಸೆರೆಮನೆಯಲ್ಲಿ, ಸ್ವರ ಹಾಕಿದವನು ಕಂದಕದಲ್ಲಿ, ಇಬ್ಬರ ಮನಸ್ಸೂ ಒಂದೇ ಗುಡ್ಡದ ಮೇಲೆ. ಮಾರ್ಚ್‌ನಲ್ಲಿ ಕೋಲೆನ್‌ಕೂರ್ ಎಂಬಲ್ಲಿ ತನ್ನದೇ ಪದ್ಯವೊಂದಕ್ಕೆ ಸ್ವರ ಕೊಟ್ಟ. ಹೆಸರು ‘ಸೆವರ್ನ್ ಮೆಡೋಸ್’.

1917ರ ಗುಡ್‌ಫ್ರೈಡೇ ರಾತ್ರಿ ವೆರ್ಮಾಂ ಹತ್ತಿರ ತೋಳಿಗೆ ಗುಂಡು ಹೊಕ್ಕಿತು. ಮೂರು ದಿನದ ಬಳಿಕ, ಈಸ್ಟರ್ ಸೋಮವಾರ, ಉತ್ತರಕ್ಕಿರುವ ಅರಾಸ್‌ನಲ್ಲಿ ಎಡ್ವರ್ಡ್ ಥಾಮಸ್ ಎಂಬ ಕವಿ ಸತ್ತ. ಇಬ್ಬರಿಗೂ ಪರಿಚಯವಿರಲಿಲ್ಲ. ಆ ಹೆಸರು ಮುಂದೆ ಮತ್ತೆ ಬರಲಿದೆ. ಗಾಯ ಮಾಗಿದ ಮೇಲೆ ಗರ್ನಿಯನ್ನು ಮೆಷಿನ್‌ಗನ್ ತುಕಡಿಗೆ ಹಾಕಿದರು. ಸೆಪ್ಟೆಂಬರ್‌ನಲ್ಲಿ ಬೆಲ್ಜಿಯಮ್ಮಿನ ಸೇಂಟ್ ಜೂಲಿಯನ್ ಬಳಿ ವಿಷಾನಿಲ ಒಳಹೊಕ್ಕು, ಎಡಿನ್‌ಬರೋ ಹತ್ತಿರದ ಬ್ಯಾಂಗೋರ್ ಆಸ್ಪತ್ರೆಗೆ ಬಂದ. ನವೆಂಬರ್‌ನಲ್ಲಿ ಮೊದಲ ಸಂಕಲನ ‘ಸೆವರ್ನ್ ಅಂಡ್ ಸೋಮ್’ ಹೊರಬಂತು. ತನ್ನ ಊರಿನ ನದಿ, ತಾನು ಕಾದಿದ ನದಿ.

ಬದುಕು ಬಿರುಕು ಬಿಟ್ಟದ್ದು ಗುಂಡಿನ ಸದ್ದಿನಿಂದ ದೂರ ಬಂದ ಮೇಲೆ. 1918ರ ಮಾರ್ಚ್‌ನಲ್ಲಿ ಬೀಥೊವನ್‌ನ ಆತ್ಮ ತನ್ನೊಡನೆ ಮಾತಾಡಿತೆಂದು ಬರೆದ. ಜೂನ್‌ನಲ್ಲಿ ಸಾಯುವ ಮಾತಾಡಿ ಪತ್ರ ಕಳಿಸಿದ. ಅಕ್ಟೋಬರ್‌ನಲ್ಲಿ ಸೇನೆ ಅವನನ್ನು ಬಿಟ್ಟುಕೊಟ್ಟಿತು, ವಾರಕ್ಕೆ 12 ಷಿಲಿಂಗ್ ಪಿಂಚಣಿ ಕೊಟ್ಟು. ಕಾಯಿಲೆ ಯುದ್ಧದಿಂದ ಹೆಚ್ಚಿತೇ ಹೊರತು ಹುಟ್ಟಿದ್ದು ಯುದ್ಧದಿಂದಲ್ಲ ಎಂಬುದು ಕಚೇರಿಯ ತೀರ್ಮಾನ. ವೈದ್ಯಕೀಯವಾಗಿ ಅದು ಪೂರ್ತಿ ಸುಳ್ಳಲ್ಲದಿರಬಹುದು. ಆದರೆ ಕಣ್ಣು ಸರಿಯಿಲ್ಲದವನನ್ನು ಕರೆಸಿಕೊಳ್ಳುವಾಗ ಇಷ್ಟು ಸೂಕ್ಷ್ಮ ಲೆಕ್ಕ ನೋಡಿರಲಿಲ್ಲ.

ಸೇನೆಯಲ್ಲಿ ಬೆಳಗ್ಗೆ ಎಬ್ಬಿಸುವವರಿದ್ದರು, ಪಕ್ಕದಲ್ಲಿ ಗೆಳೆಯರಿದ್ದರು, ಹೊತ್ತಿಗೆ ಊಟವಿತ್ತು. ಊರಿನಲ್ಲಿ ಇವು ಒಂದೂ ಇರಲಿಲ್ಲ. ಕಾಲೇಜಿಗೆ ಮರಳಿ ವಾನ್ ವಿಲಿಯಮ್ಸ್ ಬಳಿ ಕಲಿಯಲು ಕುಳಿತ, ಪೂರೈಸಲಿಲ್ಲ. ಹೊಲದಲ್ಲಿ ಕೂಲಿ ಮಾಡಿದ. ಮೂಕಿಚಿತ್ರಕ್ಕೆ ಪಿಯಾನೊ ಬಾರಿಸಿದ. ತೆರಿಗೆ ಕಚೇರಿಯಲ್ಲಿ ಗುಮಾಸ್ತನಾಗಿ ಕುಳಿತ. ಗರ್ನಿ ಮತ್ತು ತೆರಿಗೆ ಲೆಡ್ಜರು, ಈ ಜೋಡಿಯನ್ನು ಯೋಚಿಸಿದವರು ಯಾರೋ! ರಾತ್ರಿಯೆಲ್ಲ ನಡೆಯುತ್ತಿದ್ದ, ಲಂಡನ್ನಿನಿಂದ ಗ್ಲಾಸ್ಟರಿಗೆ ಕಾಲ್ನಡಿಗೆಯಲ್ಲೇ ಹೋದದ್ದುಂಟು. ಹೊಲದ ಕೊಟ್ಟಿಗೆಯಲ್ಲೋ ನದಿದಂಡೆಯಲ್ಲೋ ಮಲಗುತ್ತಿದ್ದ. ಊಟ ಬಿಡುತ್ತಿದ್ದ, ಆಮೇಲೆ ಒಮ್ಮೆಗೇ ಮಿತಿಮೀರಿ ತಿನ್ನುತ್ತಿದ್ದ.

ಆಶ್ಚರ್ಯವೆಂದರೆ ಈ ಮೂರು ನಾಲ್ಕು ವರ್ಷಗಳಲ್ಲೇ ಅವನು ಬಹಳಷ್ಟು, ಬಹಳ ಚೆನ್ನಾಗಿ ಬರೆದ. 1919ರಲ್ಲಿ ಎರಡನೇ ಸಂಕಲನ ‘ವಾರ್ಸ್ ಎಂಬರ್ಸ್’ ಬಂತು. ಎ. ಇ. ಹೌಸ್‌ಮನ್ ಕವಿತೆಗಳಿಗೆ ಎರಡು ಹಾಡುಗುಚ್ಛ ಕಟ್ಟಿದ. ಸತ್ತ ಸಂಗಾತಿಗಳಿಗಾಗಿ ವಾದ್ಯವೃಂದಕ್ಕೆ ‘ವಾರ್ ಎಲಿಜಿ’ ಬರೆದ. ಸಿಂಜ್‌ನ ‘ರೈಡರ್ಸ್ ಟು ದಿ ಸೀ’ ನಾಟಕವನ್ನು ಸಂಗೀತನಾಟಕ ಮಾಡುವ ಕನಸು ಬಹುಕಾಲದ್ದು, ಅದು ಕನಸಾಗಿಯೇ ಉಳಿಯಿತು. ಮುಂದೆ ಇದೇ ನಾಟಕವನ್ನು ಅವನ ಗುರು ವಾನ್ ವಿಲಿಯಮ್ಸ್ ಆಪೆರಾ ಮಾಡಿದರು. ಇಷ್ಟೆಲ್ಲದರ ಜೊತೆ ಮೂರನೇ ಕವನ ಸಂಕಲನದ ಹಸ್ತಪ್ರತಿಯನ್ನೂ ಕಳಿಸಿದ. ಪ್ರಕಾಶಕರು ಬೇಡವೆಂದರು. ಯುದ್ಧದ ಮಾತು ಕೇಳಲು ಆಗ ಯಾರಿಗೂ ಮನಸ್ಸಿರಲಿಲ್ಲ.

1922ರ ಸೆಪ್ಟೆಂಬರ್‌ನಲ್ಲಿ ಮನೆಯವರು ಅವನನ್ನು ಗ್ಲಾಸ್ಟರಿನ ಬಾರ್ನ್‌ವುಡ್ ಆಸ್ಪತ್ರೆಗೆ ಸೇರಿಸಿದರು, ಡಿಸೆಂಬರ್‌ನಲ್ಲಿ ಅಲ್ಲಿಂದ ಕೆಂಟ್ ಸೀಮೆಯ ಡಾರ್ಟ್‌ಫರ್ಡಿನ ಮಾನಸಿಕ ಆಸ್ಪತ್ರೆಗೆ. ಒಮ್ಮೆ ತಪ್ಪಿಸಿಕೊಂಡು ಲಂಡನ್ನಿಗೆ ಓಡಿ ವಾನ್ ವಿಲಿಯಮ್ಸ್ ಮನೆ ಸೇರಿದ; ಅವರಿಗೆ ಆಸ್ಪತ್ರೆಗೆ ತಿಳಿಸದೆ ಗತಿಯಿರಲಿಲ್ಲ. ಆ ಗುರುವಿಗೆ ಆ ರಾತ್ರಿ ನಿದ್ದೆ ಬಂದಿರಲಾರದು. ವಿದ್ಯುತ್ತಿನ ಅಲೆಗಳು ತನ್ನನ್ನು ಹಿಂಸಿಸುತ್ತಿವೆ ಎಂಬ ಭ್ರಮೆ ಗರ್ನಿಗೆ. ಬಿಡುಗಡೆ ಮಾಡಿ ಎಂದು ಪೊಲೀಸರಿಗೆ, ಗಣ್ಯರಿಗೆ ಅರ್ಜಿಯ ಮೇಲೆ ಅರ್ಜಿ ಬರೆದ. ಅವುಗಳ ಜೊತೆಗೇ ಕವಿತೆಗಳನ್ನೂ ನೂರುಗಟ್ಟಲೆ ಬರೆದ, ಶೇಕ್ಸ್‌ಪಿಯರ್‌ನ ಧಾಟಿಯಲ್ಲಿ ನಾಟಕಕ್ಕೂ ಕೈಹಾಕಿದ. ಶೇಕ್ಸ್‌ಪಿಯರ್‌ನ ನಾಟಕಗಳನ್ನು ಬರೆದದ್ದೂ ತಾನೇ ಎಂದು ಕೆಲವೊಮ್ಮೆ ಹೇಳುತ್ತಿದ್ದ. ಆ ರಾಶಿಯಲ್ಲಿ ಗೊಂದಲ ಬೇಕಾದಷ್ಟಿದೆ, ಆದರೆ 1920ರ ದಶಕದ ನಡುವಿನ ಆಸ್ಪತ್ರೆಯ ಕವಿತೆಗಳಲ್ಲಿ ಹಲವು ಅವನ ಅತ್ಯುತ್ತಮ ಕವಿತೆಗಳು. ದುಡಿಸಿಕೊಂಡ ನಾಡು ಕೂಲಿ ಕೊಡಲಿಲ್ಲ ಎಂಬ ಸಿಟ್ಟು ಅವುಗಳಲ್ಲಿ ಕೆಂಡದಂತಿದೆ. 1926ರ ಹೊತ್ತಿಗೆ ಸಂಗೀತ ರಚನೆ ಬಹುತೇಕ ನಿಂತುಹೋಯಿತು.

ನೋಡಲು ಬರುತ್ತಿದ್ದವರು ಕಡಿಮೆ. ಮೇರಿಯನ್ ಸ್ಕಾಟ್ ತಪ್ಪದೆ ಬರುತ್ತಿದ್ದಳು. 1930ರ ದಶಕದಲ್ಲಿ ಒಮ್ಮೆ ಆಕೆ ಹೆಲೆನ್ ಥಾಮಸ್‌ಳನ್ನು ಜೊತೆಗೆ ಕರೆದುಕೊಂಡು ಬಂದಳು. ಅರಾಸ್‌ನಲ್ಲಿ ಸತ್ತ ಎಡ್ವರ್ಡ್ ಥಾಮಸ್‌ನ ಹೆಂಡತಿ ಈಕೆ. ಗರ್ನಿಗೆ ಥಾಮಸ್ ಕವಿತೆಗಳೆಂದರೆ ಪ್ರಾಣ, ಅವುಗಳಿಗೆ ಸ್ವರವನ್ನೂ ಹಾಕಿದ್ದ. ಬೀಗ ಹಾಕಿದ ಬಾಗಿಲುಗಳನ್ನು ಒಂದೊಂದಾಗಿ ದಾಟಿ ಒಳಗೆ ಹೋದರೆ ಎದುರಿಗೆ ಪೈಜಾಮ, ನಿಲುವಂಗಿ ತೊಟ್ಟ ಎತ್ತರದ ಮನುಷ್ಯ. ಅವಳು ಯಾರೆಂದು ಗುರುತಿಸಿ, ಎಡ್ವರ್ಡ್ ಈಗ ಇಲ್ಲ ಎಂದ. ಆಸ್ಪತ್ರೆಯ ಅಂಗಳದಲ್ಲಿ ಮರಗಿಡಗಳಿದ್ದವು, ಆದರೆ ಅವನು ಅಲ್ಲಿ ಅಡ್ಡಾಡಲು ಒಪ್ಪುತ್ತಿರಲಿಲ್ಲವಂತೆ. ತನಗೆ ಬೇಕಾದ ಬಯಲು ಅದಲ್ಲ ಎಂಬ ಹಟ.

ಮುಂದಿನ ಭೇಟಿಗೆ ಹೆಲೆನ್ ಹೂವನ್ನೂ ಹಣ್ಣನ್ನೂ ಬಿಟ್ಟು ಬೇರೊಂದು ತಂದಳು. ಗಂಡ ಬಳಸಿ ಬಳಸಿ ಸವೆದಿದ್ದ ಗ್ಲಾಸ್ಟರ್‌ಶೈರಿನ ಸರ್ವೇ ನಕ್ಷೆ. ಹಾಸಿಗೆಯ ಮೇಲೆ ಅದನ್ನು ಹರಡಿದಳು. ಇಬ್ಬರೂ ಅದರ ಮೇಲೆ ಬಾಗಿ, ಗರ್ನಿ ಬೆರಳಿನಿಂದ ಹಾದಿಗಳನ್ನು ಹಿಡಿದು ನಡೆದ. ಓಣಿ, ಕಾಲುದಾರಿ, ದಿಬ್ಬ, ಗೇಟು, ಒಂದೊಂದಕ್ಕೂ ನಿಂತು, ಇಲ್ಲಿಂದ ಏನು ಕಾಣುತ್ತದೆ, ಇಳಿದರೆ ಎಲ್ಲಿಗೆ ಹೋಗುತ್ತೇವೆ ಎಂದು ಹೇಳುತ್ತ ಹೋದ. ಅಷ್ಟು ಹೊತ್ತು ಅವನ ಬುದ್ಧಿ ಒಂದಿಷ್ಟೂ ಕದಲಿರಲಿಲ್ಲವೆಂದು ಹೆಲೆನ್ ಬರೆದಿಟ್ಟಿದ್ದಾಳೆ. ಆಮೇಲಿನ ಭೇಟಿಗಳಲ್ಲೂ ನಕ್ಷೆ ಬಿಚ್ಚಿಕೊಂಡಿತು. ಚಿಕಿತ್ಸೆ ಎಂದರೆ ಏನು ಎಂದು ಆ ಕಾಲದ ವೈದ್ಯರು ಯೋಚಿಸುತ್ತಿದ್ದ ಹೊತ್ತಿಗೆ, ಒಬ್ಬ ವಿಧವೆಗೆ ಅದು ಹೊಳೆದಿತ್ತು.

1937ರ ಹೊತ್ತಿಗೆ ಕ್ಷಯ ಹಿಡಿದಿತ್ತು. ಅವನ ಹಾಡುಗಳ ಎರಡು ಸಂಪುಟ ಆಕ್ಸ್‌ಫರ್ಡ್ ಪ್ರೆಸ್ಸಿನಲ್ಲಿ ಸಿದ್ಧವಾಗುತ್ತಿತ್ತು, ‘ಮ್ಯೂಸಿಕ್ ಅಂಡ್ ಲೆಟರ್ಸ್’ ಪತ್ರಿಕೆ ಅವನ ಕುರಿತು ಲೇಖನಗಳ ಗುಚ್ಛ ತರಲಿತ್ತು. ಇವೆರಡರ ಹಿಂದೆಯೂ ಮೇರಿಯನ್ ಸ್ಕಾಟ್, ಜೊತೆಗೆ ಜೆರಾಲ್ಡ್ ಫಿನ್ಸಿ ಎಂಬ ಯುವ ಸಂಗೀತಕಾರ. ಕರಡು ಹಾಳೆಗಳು ಹಾಸಿಗೆಗೆ ಬಂದಾಗ ತೆರೆದು ನೋಡಲೂ ಅವನಿಗೆ ಶಕ್ತಿಯಿರಲಿಲ್ಲ. ಡಿಸೆಂಬರ್ 26ರಂದು ತೀರಿಕೊಂಡ. ಗ್ಲಾಸ್ಟರ್ ಹತ್ತಿರದ ಟ್ವಿಗ್‌ವರ್ತ್ ಹಳ್ಳಿಯ ಚರ್ಚಿನ ಅಂಗಳದಲ್ಲಿ ಮಣ್ಣು ಮಾಡಿದರು, ಆರ್ಗನ್ ನುಡಿಸಿದವನು ಹಾವೆಲ್ಸ್.

1985ರ ನವೆಂಬರ್ 11ರಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬಿಯಲ್ಲಿ ಮೊದಲ ಮಹಾಯುದ್ಧದ 16 ಕವಿಗಳ ಹೆಸರು ಕೆತ್ತಿದ ಕಲ್ಲನ್ನು ಅನಾವರಣ ಮಾಡಿದರು. ಒವೆನ್, ಸಸೂನ್, ಬ್ರೂಕ್, ಎಡ್ವರ್ಡ್ ಥಾಮಸ್ ಜೊತೆಗೆ ಗರ್ನಿಯ ಹೆಸರೂ ಅದರಲ್ಲಿದೆ. ಹಸ್ತಪ್ರತಿಗಳಲ್ಲಿ ಹೆಚ್ಚಿನವು ಗ್ಲಾಸ್ಟರ್‌ಶೈರ್ ದಾಖಲೆ ಭಂಡಾರದಲ್ಲಿವೆ; ಮುನ್ನೂರಕ್ಕೂ ಹೆಚ್ಚು ಹಾಡುಗಳಲ್ಲಿ ಬಹಳಷ್ಟು ಇನ್ನೂ ಅಚ್ಚಾಗಿಲ್ಲ.

ಕನ್ನಡದ ಓದುಗರಿಗೆ ನನ್ನದೊಂದು ಕೋರಿಕೆ. ಅವನ ಜೀವನ ಚರಿತ್ರೆಯಿಂದ ಶುರು ಮಾಡಬೇಡಿ, ಹುಚ್ಚು ಎಂಬ ಪದ ಮೊದಲೇ ಕಿವಿಗೆ ಬಿದ್ದರೆ ಹಾಡು ಸರಿಯಾಗಿ ಕೇಳಿಸದು. ಮೊದಲು ‘ಸ್ಲೀಪ್’ ಕೇಳಿ, ಆಮೇಲೆ ‘ಸೆವರ್ನ್ ಮೆಡೋಸ್’. ಎರಡೂ ಸೇರಿ ಐದಾರು ನಿಮಿಷ ದಾಟುವುದಿಲ್ಲ, ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತವೆ. ಇಂಗ್ಲಿಷ್ ಪದಗಳು ಅಷ್ಟಾಗಿ ಹಿಡಿಯದಿದ್ದರೂ ಚಿಂತೆಯಿಲ್ಲ.